ಹುಸೇನಬಿಯನ್ನು ಕರೆತರಲು ಇಂಗ್ಲೆಂಡಿಗೆ ಹೋದದ್ದು

ಬನಹಟ್ಟಿ

ಬಂದಾಗಿನಿಂದ ಓಣಿಯವರು ಕೇಳುತ್ತಿದ್ದಾರೆ, ರಾಣಿಯ ಅರಮನೆ ನೋಡಿದೆಯಾ, ದೊಡ್ಡ ಗಡಿಯಾರ ನೋಡಿದೆಯಾ ಎಂದು. ನೋಡಲಿಲ್ಲ. ನಾನು ಊರು ನೋಡಲು ಹೋದವಳಲ್ಲ, ಹುಸೇನಬಿಯನ್ನು ಕರೆದುಕೊಂಡು ಬರಲು ಹೋದವಳು. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನನ್ನ ಕೈಯಲ್ಲಿ ಅಕ್ಷರ ಸೊಟ್ಟಗೆ ಬರುತ್ತವೆ. ಆದರೂ ಹತ್ತು ಮಂದಿಗೆ ಹತ್ತು ಸಲ ಹೇಳುವುದಕ್ಕಿಂತ ಒಂದು ಸಲ ಬರೆದಿಡುವುದು ವಾಸಿ.

ಹುಸೇನಬಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ದಸ್ತಗೀರ ಮಗ್ಗ ರಿಪೇರಿ ಮಾಡುವವನು. ನಮ್ಮ ಶೆಡ್ಡಿನ ನಾಲ್ಕೂ ಪಾವರ್‌ಲೂಮು ಜೋಡಿಸಿದವನು ಅವನೇ. ಅವನು ತೀರಿಕೊಂಡ ಮೇಲೆ ಹುಸೇನಬಿ ನಮ್ಮ ಶೆಡ್ಡಿಗೇ ಬಂದು ನನ್ನ ಎದುರಿಗೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನ್ನ ಮಗ ಮಲ್ಲಪ್ಪ ಅವಳನ್ನು ಅವ್ವನ ತಂಗಿಯ ಹಾಗೆ ಮೌಶಿ ಎಂದೇ ಕರೆಯುತ್ತಾನೆ. ಸಣ್ಣವನಿದ್ದಾಗ ನನ್ನ ಕೈಯ ಏಟು ತಪ್ಪಿಸಿಕೊಂಡು ಓಡಿಹೋಗಿ ಅಡಗುತ್ತಿದ್ದದ್ದು ಅವಳ ಸೆರಗಿನ ಹಿಂದೆ.

ಪಾವರ್‌ಲೂಮಿನ ಮನೆಯಲ್ಲಿ ಇದ್ದವರಿಗೆ ಗೊತ್ತು, ಮಗ್ಗ ನಡೆಯುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ನಾವು ಕೂಗುವುದೂ ಇಲ್ಲ. ತುಟಿಯಲ್ಲಿ ಆಡುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಸೊಸೆಯ ಮೇಲಿನ ಸಿಟ್ಟು, ಮೊಣಕಾಲಿನ ನೋವು, ಯಾರ ಮನೆಯಲ್ಲಿ ಯಾರು ಓಡಿಹೋದರು, ಎಲ್ಲ ತುಟಿಯ ಮೇಲೆಯೇ. ಹುಸೇನಬಿಯೂ ನಾನೂ ಒಂದು ಆಯುಷ್ಯದ ಮಾತನ್ನು ದನಿಯಿಲ್ಲದೆ ಆಡಿದ್ದೇವೆ.

ಅವಳ ಮಗಳು ರೇಷ್ಮಾ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಬಾಣಂತನಕ್ಕೆಂದು ಹುಸೇನಬಿ ಹೋದಳು. ಕೂಸು ಕೂತುಕೊಳ್ಳಲು ಕಲಿತ ಕೂಡಲೇ ಬರುತ್ತೇನೆ ಎಂದಿದ್ದಳು. ಅವಳು ಹೋದ ಕೆಲವು ದಿನಕ್ಕೆ ನಮ್ಮಲ್ಲಿ ಒಂದು ಸಭೆ ಆಯಿತು. ಹೊರಗಿನ ಊರಿನಿಂದ ಬಂದ ಒಬ್ಬ ಭಾಷಣಕಾರ ಮೈಕು ಹಿಡಿದು, ಅವರ ಅಂಗಡಿಗೆ ಹೋಗಬೇಡಿ, ಅವರಿಗೆ ಕೆಲಸ ಕೊಡಬೇಡಿ, ಅವರನ್ನು ಓಣಿಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಒದರಿದ. ಅವರು ಎಂದರೆ ಹುಸೇನಬಿಯಂಥವರು. ನಾನು ಹೋಗಿರಲಿಲ್ಲ. ಮಾಳಿಗೆಯ ಮೇಲೆ ಕಾಳು ಹರವಿದ್ದೆ, ಅಲ್ಲಿಂದಲೇ ಕೇಳಿಸಿತು.

ಮರುದಿನ ಚಹಾದ ಅಂಗಡಿಯ ಮುಂದೆ ಅದೇ ಮಾತು. ಇಂಥವನನ್ನು ಒಳಗೆ ಹಾಕಬೇಕು ಎಂದು ಒಬ್ಬ. ಬಾಯಿ ಅವನದು, ದೇಶದಲ್ಲಿ ಮಾತಾಡಲು ಬಿಡದಿದ್ದರೆ ಹೇಗೆ ಎಂದು ಇನ್ನೊಬ್ಬ. ಪೇಪರಿನವರೂ ಇದನ್ನೇ ಜಗ್ಗಾಡಿದರು. ನನ್ನನ್ನು ಕೇಳಿದ್ದರೆ, ಒದರಿದ, ಹೋದ, ಗಾಳಿಗೆ ಹಾರಿತು ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಆದರೆ ಹುಸೇನಬಿ ಬರುವ ಮಾತು ಆಡುವುದನ್ನು ಬಿಟ್ಟಳು. ಕೂಸು ಕೂತಿತು, ಅಂಬೆಗಾಲಿಟ್ಟಿತು, ಎದ್ದು ನಿಂತಿತು. ಫೋನಿನಲ್ಲಿ ಯಾವಾಗ ಬರುತ್ತೀ ಅಂದರೆ ಒಂದು ಸಲ ಮೊಣಕಾಲು, ಇನ್ನೊಂದು ಸಲ ಚಳಿ. ಕೊನೆಗೊಮ್ಮೆ ನೇರವಾಗಿ ಕೇಳಿದೆ.

"ಆ ಮೈಕಿನ್ಯಾಂವ ಒದರಿದ್ದು ತಲಿಗೆ ಹಚ್ಚಿಕೊಂಡೀ ಏನ್‌ ಬೇ?"

"ಕೂಸಿಗೆ ಮ್ಯಾಲಿನ ಹಲ್ಲು ಬಂದಾವು ನೋಡು ಗಂಗವ್ವ," ಎಂದಳು.

ಅವತ್ತೇ ರೇಷ್ಮಾಗೆ ಹೇಳಿದೆ, ನನ್ನನ್ನು ಕರೆಸಿಕೋ ಎಂದು. ಕಾಗದಪತ್ರಕ್ಕೆ ಓಡಾಡಿದವನು ಮಲ್ಲಪ್ಪನೇ. ಒಂದು ಮಾತು ಎದುರಾಡಲಿಲ್ಲ. ಹೊರಡುವ ದಿನ, ಮೌಶಿಗೆ ಏನಾದರೂ ಹೇಳಬೇಕೇನು ಅಂದೆ. ಚೀಲದ ಬಾಯಿ ಕಟ್ಟುತ್ತಿದ್ದವನು ಇನ್ನೊಂದು ಗಂಟು ಹಾಕಿದ, ಅಷ್ಟೆ.

ಮುಂಬೈ

ಮಗ್ಗದ ಮುಂದೆ ದಿನವೆಲ್ಲ ನಿಲ್ಲುವ ನನ್ನನ್ನು ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಇಂಗ್ಲಿಷ್ ಬರದ ಮುದುಕರು ದಾರಿ ತಪ್ಪಬಾರದೆಂದು ಮಕ್ಕಳು ಮೊದಲೇ ಹೇಳಿ ಈ ಏರ್ಪಾಡು ಮಾಡಿಸುತ್ತಾರಂತೆ. ಕುರ್ಚಿಯಲ್ಲಿ ಕೂತರೆ ತಳ್ಳುವವರು ಸಿಗುತ್ತಾರೆ, ತಳ್ಳುವವರು ಸಿಕ್ಕರೆ ವಿಮಾನ ಸಿಗುತ್ತದೆ. ಅಲ್ಲಿ ನೋಡಿದರೆ ಒಂದು ಸಾಲು ಗಟ್ಟಿಮುಟ್ಟಾದ ಮುದುಕರು ಕುಂಟರ ಹಾಗೆ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಪಟಗಾ ಸುತ್ತಿದ್ದ ಒಬ್ಬ ಹಿರಿಯರು.

"ಯಾ ಊರ್‌ರೀ ಅಕ್ಕಾರ?"

"ಬನಹಟ್ರೀ. ನಿಮ್ದು?"

"ಬೀಳಗಿ. ಮೊನ್ನಿ ತನಕ ಕಬ್ಬಿಗೆ ನೀರ್‌ ಹಾಯಿಸಿ ಬಂದೀನ್ರಿ. ಇಲ್ಲೆ ತಂದು ನನ್ನ ಹಡದ ಬಾಣಂತಿ ಹಂಗ ಕುಂದ್ರಿಸ್ಯಾರ."

"ಕಾಲ್‌ ಅಲ್ಲಾಡಿಸಬ್ಯಾಡ್ರಿ ಮತ್ತ. ನಡೀತಾನ ಅಂತ ಗೊತ್ತಾದ್ರ ಇಳಿಸಿಬಿಟ್ಟಾರು."

ಅವರು ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ನಾನು ಅದಕ್ಕೆ ನಕ್ಕಿದ್ದೇ ಕೊನೆ. ಅಲ್ಲಿಂದ ಮುಂದೆ ದಾರಿಯಲ್ಲಿ ನನ್ನ ಮಾತು ತಿಳಿಯುವವರು ಯಾರೂ ಸಿಗಲಿಲ್ಲ. ಮೋಡದ ಮೇಲೆ ಹೋಗುವುದು ಹೇಗಿತ್ತು ಎಂದು ಕೇಳುವವರಿಗೆ ಹೇಳುತ್ತೇನೆ, ಜಮಖಂಡಿಯ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತದ್ದಕ್ಕಿಂತ ಅಲುಗಾಟ ಕಡಿಮೆ, ಕಿಟಕಿ ಮಾತ್ರ ತೆಗೆಯಲು ಬರುವುದಿಲ್ಲ.

ರೇಷ್ಮಾಳ ಮನೆ

ಊರಿನ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ಬಿಡಿ. ಹಿಂದೆ ಗಿರಣಿಗಳ ಊರಂತೆ. ಈಗ ಗಿರಣಿಯ ಉದ್ದನೆಯ ಚಿಮಣಿಗಳಿವೆ, ಹೊಗೆ ಇಲ್ಲ. ಹುಸೇನಬಿ ಬಾಗಿಲಲ್ಲೇ ನಿಂತಿದ್ದಳು, ಮಂಕಿ ಟೋಪಿ, ಮೇಲೆ ಮಗಳ ಕೋಟು, ಕೆಳಗೆ ನಮ್ಮೂರಿನದೇ ಸೀರೆ.

"ದಪ್ಪ ಆಗೀ," ಎಂದಳು.

"ನೀ ಬಿಳಿ ಆಗೀ," ಎಂದೆ.

ಅಪ್ಪಿಕೊಳ್ಳುವುದು ನಮ್ಮಿಬ್ಬರಿಗೂ ಬರುವುದಿಲ್ಲ. ನನ್ನ ಚೀಲ ಕಸಿದುಕೊಂಡು ಒಳಗೆ ಹೋದಳು. ಚೀಲ ಬಿಚ್ಚಿದಾಗ ಕಟಕ್ ರೊಟ್ಟಿಯೆಲ್ಲ ಪುಡಿ. ಆ ಪುಡಿಯನ್ನೇ ಶೇಂಗಾ ಹಿಂಡಿಯ ಜೊತೆ ಕಲಸಿ ಇಬ್ಬರೂ ಒಂದೇ ಗಂಗಾಳದಲ್ಲಿ ತಿಂದೆವು. ತಿನ್ನುತ್ತ ಅವಳು ಕೇಳಿದ್ದು ಊರಿನ ಸುದ್ದಿ ಮಾತ್ರ. ಹಿಪ್ಪರಗಿಯ ಹೊಳೆಗೆ ನೀರು ಬಂತೇ, ನಮ್ಮ ಬೋರಿಂಗು ಬತ್ತಿತೇ, ಅವಳ ಹಿತ್ತಲಿನ ನುಗ್ಗೆ ಕಡಿದರೇ. ಕಡಿದಿಲ್ಲ ಎಂದಾಗ ಬೆರಳು ನೆಕ್ಕುವುದನ್ನು ನಿಲ್ಲಿಸಿದಳು.

ಆ ಮನೆಯಲ್ಲಿ ನನ್ನನ್ನು ಕಾಡಿದ್ದು ಚಳಿಗಿಂತ ಹೆಚ್ಚಾಗಿ ಮೌನ. ಬಾಗಿಲು ಹಾಕಿದರೆ ಒಂದು ಸದ್ದು ಇಲ್ಲ. ನಾನೊಂದು ದಿನ ಕಿವಿಗೆ ಏನೋ ಆಯಿತೆಂದು ಎಣ್ಣೆ ಬಿಟ್ಟುಕೊಂಡೆ. ಹುಸೇನಬಿ ನಕ್ಕು, ಕೈ ಹಿಡಿದು ಅಡಿಗೆಮನೆಯ ಮೂಲೆಗೆ ಕರೆದೊಯ್ದಳು. ಅಲ್ಲಿ ಬಟ್ಟೆ ಒಗೆಯುವ ಮಶೀನು. ಒಂದೆರಡು ಟವೆಲ್ಲು ಹಾಕಿ ಗುಂಡಿ ಒತ್ತಿದಳು. ಅದು ಗಡಗಡ ನಡುಗಲು ಹತ್ತಿದಾಗ ಎರಡು ಸ್ಟೂಲು ಎಳೆದು, "ಕುಂದ್ರು," ಎಂದಳು. "ಇದನ್ನ ಹಚ್ಚಿ ದಿನಾ ಇಲ್ಲೇ ಕುಂದರ್ತೀನಿ. ರೇಷ್ಮಾ ಅಂತಾಳು, ಅಮ್ಮೀ, ತೊಳದ ಅರಬಿ ಎಷ್ಟ್‌ ಸಲ ತೊಳೀತಿ ಅಂತ."

ಇಷ್ಟು ಹಂಬಲ ಇದ್ದವಳು ಯಾಕೆ ಬರುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಕೇಳಿದರೆ, "ನೋಡೂಣು," ಅನ್ನುತ್ತಿದ್ದಳು.

ಅಲ್ಲಿಯ ಮಂದಿಯ ಬಾಯಿ ಬಹಳ ಮೆತ್ತಗೆ. ಬಸ್ಸಿಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ನಮ್ಮ ಕಂಡಕ್ಟರನಿಗೆ ಹಾಗಂದರೆ ಚೇಷ್ಟೆ ಮಾಡುತ್ತಿದ್ದಾಳೆ ಎಂದು ಜಗಳಕ್ಕೆ ಬಂದಾನು. ಒಮ್ಮೆ ನಾನೇ ಒಬ್ಬನ ಕಾಲು ತುಳಿದೆ. ಅವನೇ ನನಗೆ ಸಾರಿ ಅಂದ. ಇನ್ನೊಮ್ಮೆ ತುಳಿದು ನೋಡಲೇನು ಅಂದೆ ರೇಷ್ಮಾಗೆ. ಅವಳು ನನ್ನ ತೋಳು ಹಿಡಿದು ಸೀಟಿಗೆ ಕೂರಿಸಿದಳು.

ಗಿರಣಿ

ಸಂತೆಯ ದಿನ ರೇಷ್ಮಾಗೆ ರಜೆ ಇತ್ತು. ನಿಮಗೆ ಇಬ್ಬರಿಗೂ ಸೇರುವ ಜಾಗ ತೋರಿಸುತ್ತೇನೆ ಎಂದು ಕೂಸನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹಳೆಯ ಗಿರಣಿಗೆ ಕರೆದೊಯ್ದಳು. ಮುಚ್ಚಿದ ಗಿರಣಿಯನ್ನು ಈಗ ನೋಡಲಿಕ್ಕೆಂದು ಇಟ್ಟಿದ್ದಾರೆ. ಒಳಗೆ ಕಾಲಿಟ್ಟ ಕೂಡಲೇ ಎಣ್ಣೆ ಮತ್ತು ನೂಲಿನ ಧೂಳಿನ ವಾಸನೆ ಬಂತು. ಹುಸೇನಬಿ ಮೂಗಿಗೆ ಮುಚ್ಚಿದ್ದ ಸೆರಗು ತೆಗೆದಳು. ಕಬ್ಬಿಣದ ಮಗ್ಗಗಳು ಸಾಲಾಗಿ ನಿಂತಿದ್ದವು, ನಮ್ಮ ಮಗ್ಗಗಳ ಮುತ್ತಜ್ಜಿಯರು ಅನ್ನಿ. ಒಂದರ ಹತ್ತಿರ ನನ್ನಷ್ಟೇ ವಯಸ್ಸಿನ ಮುದುಕಿ ನಿಂತಿದ್ದಳು. ಹೆಸರು ಡೊರತಿ. ಹುಡುಗಿಯಾಗಿದ್ದಾಗ ಇಲ್ಲೇ ದುಡಿದವಳು, ಈಗ ಬಂದವರಿಗೆ ಮಗ್ಗ ನಡೆಸಿ ತೋರಿಸುತ್ತಾಳೆ.

ಅವಳು ಒಂದು ಮಗ್ಗ ಹಚ್ಚಿದಳು. ಖಟಾಖಟ್ ಎಂದು ಶುರುವಾಯಿತು ನೋಡಿ, ಕೂಸು ಚೀರಿಕೊಂಡಿತು, ರೇಷ್ಮಾ ಕಿವಿ ಮುಚ್ಚಿಕೊಂಡಳು. ನನಗೂ ಹುಸೇನಬಿಗೂ ಮೈಯೆಲ್ಲ ಸಡಿಲವಾಯಿತು. ಡೊರತಿ ನಮ್ಮ ಕಡೆ ತಿರುಗಿ ತುಟಿಯನ್ನು ದೊಡ್ಡದಾಗಿ ಆಡಿಸಿದಳು, ಎದೆ ಮುಟ್ಟಿಕೊಂಡಳು, ಹೊಟ್ಟೆ ಸವರಿ ಬಾಯಿಗೆ ಕೈ ಒಯ್ದಳು. ನನ್ನ ಹೆಸರು ಇದು, ನೀವು ಉಂಡಿರಾ ಎಂದು. ದನಿಯಿಲ್ಲ! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ದೂರದ ಊರಿನ, ಬೇರೆ ಭಾಷೆಯ ಈ ಬಿಳಿ ಮುದುಕಿಗೂ ನಮ್ಮ ಶೆಡ್ಡಿನ ಮಾತು ಬರುತ್ತಿತ್ತು. ನಾನೂ ಹೊಟ್ಟೆ ಸವರಿ, ಉಂಡೆವು ಎಂದು ತುಟಿ ಆಡಿಸಿದೆ. ಮೂವರೂ ನಕ್ಕೆವು. ನಗುವಿನ ಸದ್ದೂ ಕೇಳಿಸಲಿಲ್ಲ.

ರೇಷ್ಮಾ ಕೂಸಿನ ಜೊತೆ ಬಾಗಿಲಿನ ಕಡೆ ನಿಂತಿದ್ದಳು. ಅವಳು ಸಾಲಿ ಕಲಿತ ಹುಡುಗಿ, ಶೆಡ್ಡಿನಲ್ಲಿ ಕೂತವಳಲ್ಲ, ತುಟಿ ಓದಲು ಬರುವುದಿಲ್ಲ. ಅದು ತಿಳಿದೇ ಹುಸೇನಬಿ ನನ್ನ ಎದುರಿಗೆ ಬಂದು ನಿಂತು ತುಟಿಯಲ್ಲಿ ಮಾತಾಡಿದಳು.

"ನಾ ಯಾಕ ಬರೂದಿಲ್ಲ, ಹೇಳ್ಲಿ?"

"ಹೇಳು."

"ಆ ಸಭಾದ ವಿಡಿಯೋ ಫೋನಿನ್ಯಾಗ ಬಂದಿತ್ತು. ನಾ ಕೇಳಬಾರದಂತ ರೇಷ್ಮಾ ದನಿ ಬಂದ್‌ ಮಾಡಿಟ್ಟಿದ್ಲು. ನನಗ್ಯಾಕ ದನಿ ಬೇಕು?"

"ಅಂವ ಒದರಿದ್ದು ನಾನೂ ಕೇಳೀನಲ್ಲ."

"ಅಂವ ಬಿಡು. ಹೊರಗಿನ್ಯಾಂವ. ಹಿಂಥವ್ರು ನಿಮ್ಮ ಓಣ್ಯಾಗ ಬೇಕೇನು ಅಂದ. ಮುಂದ ನಿಂತವ್ರು ಬ್ಯಾಡ ಅಂದ್ರು. ಮಲ್ಲ್ಯಾ ಮುಂದ ಇದ್ದ, ಗಂಗವ್ವ. ಕೈ ಎತ್ತಿ ಬ್ಯಾಡ ಅಂದ. ಸುಮ್‌ ನಿಂತಾನೇನೋ ಅಂತ ಮತ್ತ ಮತ್ತ ನೋಡೀನಿ. ಇನ್ನೊಂದೀಟು ಸಾರು ಹಾಕ್ಲೇನೋ ಅಂದ್ರ ಬ್ಯಾಡ ಮೌಶಿ ಅಂತಿದ್ನಲ್ಲ, ಅದ ತುಟಿ."

ಆ ಸಂಜೆ ಮಲ್ಲಪ್ಪ ನನಗೆ ಹೇಳಿ ಹೋಗಿದ್ದು ಮುಧೋಳಕ್ಕೆ ನೂಲಿನ ಕೆಲಸವಿದೆ ಎಂದು. ಡೊರತಿ ಮಗ್ಗ ನಿಲ್ಲಿಸಿದಳು. ಸದ್ದು ಒಮ್ಮೆಲೇ ಹೋಯಿತು. ಹುಸೇನಬಿಯೂ ತುಟಿ ಮುಚ್ಚಿದಳು. ನಾನು ಮಗ್ಗದ ಕಬ್ಬಿಣ ಹಿಡಿದುಕೊಂಡೆ. ತಣ್ಣಗಿತ್ತು.

ಚೌಕ

ಡೊರತಿಯ ಕೆಲಸ ಮುಗಿದಿತ್ತು. ನಮ್ಮ ಜೊತೆಯೇ ಸಂತೆಯ ಚೌಕಕ್ಕೆ ಬಂದಳು. ಕೋಸುಗಡ್ಡೆ, ಮೀನು, ಹಳೆಯ ಕೋಟು, ಎಲ್ಲ ಮಾರುತ್ತಿದ್ದರು. ನಡುವೆ ಒಬ್ಬ ಮರದ ಪೆಟ್ಟಿಗೆಯ ಮೇಲೆ ನಿಂತು ಒದರುತ್ತಿದ್ದ. ಹಣೆಯ ನರ ಉಬ್ಬಿದ್ದವು. ಅವನ ಪಕ್ಕ ಇಬ್ಬರು ಪೊಲೀಸರು ಕೈಕಟ್ಟಿ ನಿಂತಿದ್ದರು.

"ಏನಂತಾನ?" ರೇಷ್ಮಾಳನ್ನು ಕೇಳಿದೆ.

"ಬ್ಯಾಡ ಬಿಡ್ರಿ ಮೌಶಿ."

"ಹೇಳ್‌ಲೇ."

"ಹೊರಗಿಂದ ಬಂದವ್ರು ಹೊಲಸು ಮಂದಿ ಅಂತಾನ. ಊರು ಕೆಡಿಸ್ಯಾರಂತ. ವಾಪಸ್‌ ಕಳಸ್ರಿ ಅಂತಾನ."

"ಮತ್ತ ಈ ಪೊಲೀಸ್ರು?"

"ಅಂವಗ ಯಾರೂ ಹೊಡೀಬಾರದಂತ ನಿಂತಾರ. ಹೊಡೀರಿ, ಕಡೀರಿ ಅಂದ್ರ ಹಿಡೀತಾರ. ಬರೇ ಬ್ಯಾಡ ಅಂದ್ರ ಹಿಡಿಯೂದಿಲ್ರಿ."

ನಾನು ಸುತ್ತ ನೋಡಿದೆ. ಕೇಳುತ್ತ ನಿಂತವರಲ್ಲಿ ಬಸ್ಸಿನಲ್ಲಿ ಥ್ಯಾಂಕ್ಯೂ ಹೇಳಿ ಇಳಿದ ಮುಖಗಳೇ ಇದ್ದವು. ಕೆಲವರು ಬೈದರು, ಕೆಲವರು ತಲೆಯಾಡಿಸಿದರು, ಹೆಚ್ಚಿನವರು ಕೋಸು ಆರಿಸುತ್ತಿದ್ದರು.

ಚೌಕದ ಆಚೆ ಬದಿಗೆ ಕಾಲೇಜಿನ ಹುಡುಗಿಯೊಬ್ಬಳು ಮೇಜು ಹಾಕಿಕೊಂಡಿದ್ದಳು. ಮೇಜಿನ ಮೇಲೆ ಎರಡು ಗಾಜಿನ ಭರಣಿ, ಒಂದು ಬಟ್ಟಲು ಒಣ ಬಟಾಣಿ. ಮಂದಿಯ ಮನಸ್ಸು ತಿಳಿಯಲು ಇಟ್ಟದ್ದಂತೆ. ಇಂಥ ಮಾತನ್ನೂ ಆಡಲು ಬಿಡಬೇಕು ಅನ್ನುವವರು ಈ ಕಡೆಯ ಭರಣಿಗೆ ಒಂದು ಕಾಳು, ತಡೆಯಬೇಕು ಅನ್ನುವವರು ಆ ಕಡೆಯದಕ್ಕೆ. ಎರಡರಲ್ಲೂ ಕಾಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕಿದ್ದವು. ನಮ್ಮ ಚಹಾದ ಅಂಗಡಿಯ ಮುಂದೆ ಇಟ್ಟಿದ್ದರೂ ಹಾಗೇ ಇರುತ್ತಿತ್ತೇನೋ.

ಡೊರತಿ ಯೋಚನೆ ಮಾಡದೆ ಬಿಡಬೇಕು ಎನ್ನುವ ಭರಣಿಗೆ ಹಾಕಿದಳು. ಗಿರಣಿಯಲ್ಲಿ ಅವರು ಕೂಲಿಗಾಗಿ ದನಿ ಎತ್ತಿದಾಗಲೂ ಮಾಲಕರು ಅದನ್ನು ದ್ವೇಷದ ಮಾತು ಎಂದೇ ಬಾಯಿ ಮುಚ್ಚಿಸಲು ನೋಡಿದ್ದರಂತೆ. ಮುಚ್ಚಿಸುವ ಕೈ ನಾಳೆ ಯಾರ ಬಾಯಿಗೆ ಬರುತ್ತದೋ ಯಾರಿಗೆ ಗೊತ್ತು ಎಂದಳು. ರೇಷ್ಮಾ ಅದನ್ನು ನಮಗೆ ಹೇಳಿ, ತಾನು ಮಾತ್ರ ಇನ್ನೊಂದು ಭರಣಿಗೆ ಕಾಳನ್ನು ಟಣ್ ಎಂದು ಎಸೆದಳು.

"ನನ್ನ ವಾರ್ಡಿನ್ಯಾಗ ಒಬ್ಬ ಮುದುಕ, ಗಾಯ ತೊಳಿಯುವಾಗ ಈ ಕರೀ ಕೈ ತಗೀ ಅಂದ. ಆಸ್ಪತ್ರ್ಯಾಗ ಅಂದ್ರ ತಪ್ಪಂತ, ಗ್ವಾಡಿಗೆ ಬೋರ್ಡ್‌ ಹಾಕ್ಯಾರ. ಇಲ್ಲೆ ಅಂದ್ರ ಹಕ್ಕಂತ. ನಡುವ ಒಂದು ರಸ್ತಾ ಅಷ್ಟ ಐತಿ ಮೌಶಿ. ಇಲ್ಲೆ ಕೇಳಿದ್ದನ್ನ ಅಲ್ಲೆ ಬಂದು ಅಂತಾರ."

ಹುಡುಗಿ ನನ್ನ ಕೈಗೂ ಹುಸೇನಬಿಯ ಕೈಗೂ ಒಂದೊಂದು ಕಾಳು ಇಟ್ಟಳು. ಬೇರೆ ದಿನವಾಗಿದ್ದರೆ ನಾನು ಅದನ್ನು ಬಾಯಿಗೆ ಹಾಕಿಕೊಂಡು ಬಿಡುತ್ತಿದ್ದೆ. ಅವತ್ತು ಕೈ ಮುಚ್ಚಿಕೊಂಡು ನಿಂತೆ. ತಡೆಯಬೇಕು ಅಂದರೆ ಪೊಲೀಸರು ಹಿಡಿಯುವ ರಟ್ಟೆಗಳಲ್ಲಿ ಒಂದು ನನ್ನ ಮಗನದೂ ಇರುತ್ತದೆ. ಬಿಡಬೇಕು ಅಂದರೆ ಹುಸೇನಬಿ ಊರಿಗೆ ಬರುವುದಿಲ್ಲ. ಇದನ್ನು ಯಾವ ಭರಣಿಗೆ ಹಾಕುವುದು?

ಹಾಕಿದೆ. ತಡೆಯಬೇಕು ಎನ್ನುವುದಕ್ಕೇ ಹಾಕಿದೆ. ಹಿಡಿದರೆ ಹಿಡಿಯಲಿ, ಬಿಡಿಸಿಕೊಂಡು ಬರಲು ನಾನಿದ್ದೇನೆ. ಓಣಿಯಿಂದ ಹೋದವಳನ್ನು ಬಿಡಿಸಿಕೊಂಡು ಬರಲು ಮಾತ್ರ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಹುಸೇನಬಿಯೂ ಇದಕ್ಕೇ ಹಾಕುತ್ತಾಳೆ ಎಂದು ನಾನು ಬದಿಗೆ ಸರಿದೆ. ಅವಳು ಡೊರತಿ ಹಾಕಿದ ಭರಣಿಗೆ ಹಾಕಿದಳು.

"ಹುಚ್ಚೀ ಏನ್‌ ಬೇ ನೀ?" ಎಂದು ಕೂಗಿಯೇ ಬಿಟ್ಟೆ. ಪೆಟ್ಟಿಗೆಯ ಮೇಲಿದ್ದವನೂ ಒಂದು ಕ್ಷಣ ನಮ್ಮ ಕಡೆ ನೋಡಿದ.

"ಬಾಯಿ ಮುಚ್ಚಿಸಿದ್ರ ನನಗ ಮಲ್ಲ್ಯಾನ ಮನಸಿನ್ಯಾಗ ಏನೈತಿ ಅಂತ ತಿಳೀತಿರಲಿಲ್ಲ," ಎಂದಳು ಹುಸೇನಬಿ. "ತಿಳೀದ ವಾಪಸ್‌ ಬಂದು, ಅವನ ಶೆಡ್ಡಿನ್ಯಾಗ ಕುಂತು, ಅವನ ಮನ್ಯಾಗ ಉಣ್ತಿದ್ನಿ. ಅಂವ ಒಳಗಿಂದೊಳಗ ಬ್ಯಾಡ ಅನ್ಕೋತ ನೀಡ್ತಿದ್ದ. ಅದು ಇದಕ್ಕಿಂತ ಛಲೋ ಏನು?"

ರೇಷ್ಮಾ ತಾಯಿಯ ಮುಖ ನೋಡಿದಳು. ವಿಡಿಯೋ ತಾಯಿಗೆ ತಿಳಿದಿತ್ತು ಎಂಬುದೇ ಅವಳಿಗೆ ಆಗ ಗೊತ್ತಾದದ್ದು. ತಳ್ಳುಗಾಡಿಯ ಹಿಡಿಕೆ ಹಿಡಿದುಕೊಂಡು, "ಅಮ್ಮೀ," ಎಂದಳು. ಡೊರತಿಗೆ ನಮ್ಮ ಮಾತು ಒಂದೂ ತಿಳಿದಿರಲಿಲ್ಲ. ಆದರೂ ಹುಸೇನಬಿಯ ಕೋಟಿನ ತೋಳು ಹಿಡಿದು, ಮನೆಯ ತಿರುವಿನ ತನಕ ಬಿಡದೆ ನಡೆದಳು.

ಅಡಿಗೆಮನೆ

ಮರುದಿನ ಬೆಳಿಗ್ಗೆ, ಅಂದರೆ ನಮ್ಮಲ್ಲಿ ಮಧ್ಯಾಹ್ನ, ಮಲ್ಲಪ್ಪನಿಗೆ ಫೋನು ಹಚ್ಚಿಸಿದೆ, ಮುಖ ಕಾಣುವ ಹಾಗೆ. ಮಗ್ಗದ ಸದ್ದಿಗೆ ಅವನು ಶೆಡ್ಡಿನಿಂದ ಹೊರಗೆ ಬಂದು ನಿಂತ. ಕೂದಲಿನ ಮೇಲೆ ನೂಲಿನ ಧೂಳು. ಹುಸೇನಬಿ ನನ್ನ ಹಿಂದೆ ಬಟ್ಟಲು ಒರೆಸುತ್ತಿದ್ದಳು.

"ಅವತ್ತ ನೀ ಮುಧೋಳಕ್ಕ ಹೋಗಿದ್ಯೋ, ಸಭಾಕ್ಕ ಹೋಗಿದ್ಯೋ?"

ಅವನ ಮುಖ ಬೇರೆ ಕಡೆ ಹೋಯಿತು. "ಯಾಕ ಬೇ ಈಗ ಅದು?"

"ಕೇಳಿದ್ದಕ್ಕ ಹೇಳ್‌ಲೇ."

"ಸಭಾಕ್ಕ ಹೋಗಿದ್ನಿ. ಎಲ್ಲಾರೂ ಹೋಗಿದ್ರು. ಎಲ್ಲಾರೂ ಅಂದ್ರು, ನಾನೂ ಅಂದೆ. ಮಾತಾಡೂದು ತಪ್ಪೇನು? ದೇಶದಾಗ ಮಾತಾಡಾಕ ಹಕ್ಕ ಐತಿಲ್ಲೋ? ನಾ ಏನ್‌ ಮೌಶಿಗಿ ಅಂದೇನೇನು? ಮೌಶಿ ಬ್ಯಾರೆ, ಅವರು ಬ್ಯಾರೆ."

"ಹಕ್ಕ ಐತಿ. ಇರ್ಲಿ. ಹಂಗಾದ್ರ ಅಲ್ಲೆ ಅಂದದ್ದನ್ನ ಈಕಿ ಮುಂದ ಅನ್ನು." ಫೋನನ್ನು ಹುಸೇನಬಿಯ ಮುಖಕ್ಕೆ ಹಿಡಿದೆ.

ಅವನು ಬಾಯಿ ತೆರೆದ, ಮುಚ್ಚಿದ. ಹಿಂದೆ ಮಗ್ಗಗಳು ನಡೆಯುತ್ತಲೇ ಇದ್ದವು. ಅವಳೂ ಬಟ್ಟಲು ಒರೆಸುತ್ತಲೇ ಇದ್ದಳು. ಆಮೇಲೆ ಅವಳೇ ಕೇಳಿದಳು.

"ಎರಡನೇ ಮಗ್ಗ ಇನ್ನೂ ಎಳಿ ಹರೀತೈತೇನೋ ಮಲ್ಲ್ಯಾ?"

"ಹರೀತೈತಿ ಮೌಶಿ."

"ಉಂಡ್ಯಾ?"

"ಹ್ಞೂಂ."

"ಆತು. ಫೋನ್‌ ಇಡ್ಲೇನು?"

"ಹ್ಞೂಂ."

ಫೋನು ಕಪ್ಪಾಯಿತು. ನಾನು ಇಷ್ಟು ದೂರ ಬಂದದ್ದು ಇದಕ್ಕೇ ಎನ್ನುವ ಹಾಗೆ ಅವಳ ಕಡೆ ತಿರುಗಿದೆ. "ನೋಡ್ದ್ಯಾ? ನಿನ್ನ ಮುಂದ ಅನ್ನಾಕ ಬಾಯಿ ಬರಲಿಲ್ಲ ಅಂವಗ. ಕೆಟ್ಟಂವ ಅಲ್ಲ. ನಡಿ ಊರಿಗೆ."

"ಕೆಟ್ಟಂವ ಅಲ್ಲ ಅಂತ ನನಗೂ ಗೊತ್ತೈತಿ. ನನ್ನ ಮುಂದ ಅನ್ನೂದಿಲ್ಲ, ಮಂದ್ಯಾಗ ನಿಂತ್ರ ಅಂತಾನ," ಎಂದಳು. "ಊರಾಗ ನಾ ಅವನ ಮುಂದ ಎಷ್ಟೊತ್ತು ಇರ್ತೀನಿ, ಮಂದ್ಯಾಗ ಎಷ್ಟೊತ್ತು ಇರ್ತೀನಿ, ನೀನ ಹೇಳು."

ನಾನು ಒದ್ದೆ ಬಟ್ಟಲುಗಳನ್ನು ಅವಳ ಕಡೆ ಸರಿಸಿದೆ.

"ಬರಬ್ಯಾಡ ಅಂದಿಲ್ಲ ಅಂವ, ಖರೆ," ಎಂದಳು ಆಮೇಲೆ. ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದಳು. "ಬಾ ಅಂತನೂ ಅನ್ನಲಿಲ್ಲಲ್ಲ. ಒಂದ್‌ ಸಲ ಅಂದಿದ್ರ, ನಾ ಚಪ್ಪಲಿ ಸೈತ ಹುಡುಕತಿದ್ದಿಲ್ಲ ಗಂಗವ್ವ. ಬರಿಗಾಲಲೆ ಬರ್ತಿದ್ನಿ."

ಆಮೇಲೆ ಅಲ್ಲಿ ಉಳಿದ ದಿನಗಳಲ್ಲಿ ಊರಿಗೆ ಬರುವ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಜೋಳದ ಹಿಟ್ಟು ಸಿಗುವ ಅಂಗಡಿ ಹುಡುಕಿದೆವು. ಕೂಸಿಗೆ ಕುಂಚಿಗೆ ಹೊಲಿದೆವು. ಡೊರತಿ ಒಂದು ದಿನ ಚಹಾಕ್ಕೆ ಕರೆದು ಹಾಲು ಹಾಕಿದ ಸಪ್ಪನೆಯ ನೀರಿನಂಥದ್ದನ್ನು ಕೊಟ್ಟಳು, ಅವಳ ಮನಸ್ಸು ನೋಯಬಾರದೆಂದು ಕುಡಿದೆವು. ಹೊರಡುವ ದಿನ ಹುಸೇನಬಿ ಬಾಗಿಲಲ್ಲಿ ನಿಂತು, ನುಗ್ಗೆಗಿಡ ಮಾತ್ರ ಕಡಿಸಬೇಡ ಎಂದಳು. ಹ್ಞೂಂ ಅಂದೆ. ರೇಷ್ಮಾಳ ಕಾರು ತಿರುವು ದಾಟುವ ತನಕ ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದು ಅಲ್ಲೇ ಉಳಿದುಬಿಡುತ್ತಿದ್ದೆ. ನನ್ನ ಮನೆ, ಮಗ್ಗ, ಮೊಮ್ಮಕ್ಕಳೆಲ್ಲ ಈ ಕಡೆ ಇವೆ.

ಮತ್ತೆ ಬನಹಟ್ಟಿ

ಬಸ್ಸಿಳಿದಾಗ ಮಲ್ಲಪ್ಪ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಚೀಲ ಇಸಿದುಕೊಂಡ. ನನ್ನ ಹಿಂದೆ ಬಸ್ಸಿನ ಬಾಗಿಲು ನೋಡಿದ. ಒಬ್ಬರಾದ ಮೇಲೆ ಒಬ್ಬರು ಇಳಿದರು, ಕೊನೆಯವನು ಇಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತು ಆಟೋ ತಡವಾಯಿತು.

ಮನೆಯ ಮುಂದೆ ಇಳಿದು ಚೀಲವನ್ನು ಕಟ್ಟೆಗೆ ಇಟ್ಟು ಕೇಳಿದ, "ಮೌಶಿ ಬರಲಿಲ್ಲೇನ್‌ ಬೇ?"

"ನೀ ಕರದ್ಯೇನು?"

ಅವನು ಪಕ್ಕದ ಮನೆಯ ಬಾಗಿಲು ನೋಡಿದ. ಬೀಗದ ಮೇಲೆ ಧೂಳು ಕೂತಿತ್ತು. ಹೆಗಲಿನ ಟವೆಲ್ಲು ತೆಗೆದು ಕೈ ಒರೆಸಿಕೊಂಡ.

"ಈಗ ಕರದ್ರ ಬರ್ತಾಳೇನು?"

"ನನಗೇನ್‌ ಗೊತ್ತು? ನಂಬರ್‌ ನಿನ್ನ ಕಡೆ ಐತಿ."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಸಕ್ಕರೆ ಹಾಕಿದೆ, ಪುಡಿ ಹಾಕಿದೆ, ಹಾಲು ಉಕ್ಕುವ ತನಕ ನಿಂತೆ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಫೋನು ಕೈಯಲ್ಲಿತ್ತು, ಕಿವಿಗೆ ಹೋಗಿರಲಿಲ್ಲ. ಎರಡು ಕಪ್ಪಿಗೆ ಸೋಸಿದೆ. ಹೊರಗೆ ಇನ್ನೂ ಅವನ ದನಿ ಎದ್ದಿರಲಿಲ್ಲ.